ಬೆಂಗಳೂರಿನ ಪಾರ್ಕುಗಳಲ್ಲಿ ಸುಮ್ನೆ ಕೂರಬೇಕು ಅನ್ನುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಊರಿಂದ ನೆಂಟರು ಬಂದಾಗ, ಆಫೀಸಿಗೆ ಹೊಸಬರು ಸೇರಿದಾಗ, ಕೊನೆಗೆ ಆಟೋದಲ್ಲಿ ಮಾತಿಗೆ ಸಿಕ್ಕವರು ಕೂಡ ನನ್ನನ್ನು ಕೇಳುವುದು ಹೆಚ್ಚು ಕಡಿಮೆ ಇವೇ ಪ್ರಶ್ನೆಗಳನ್ನು. ನಾನು ಗಿಡಮರದ ಬಗ್ಗೆ ಓದಿಕೊಂಡವನಲ್ಲ. ಬಸವನಗುಡಿ ಕಡೆ ಬೆಳೆದವನು. ಲಾಲ್‌ಬಾಗಿಗೆ ನಡೆದೇ ಹೋಗುವಷ್ಟು ಹತ್ತಿರ ಇದ್ದವನು, ಅಷ್ಟೆ.

ಇಷ್ಟು ಟ್ರಾಫಿಕ್ ಇರುವ ಊರಲ್ಲಿ ನಿಜವಾಗಲೂ ಸದ್ದಿಲ್ಲದ ಪಾರ್ಕ್ ಇದೆಯಾ?

ಪೂರ್ತಿ ಸದ್ದಿಲ್ಲದ್ದು ಒಂದೂ ಇಲ್ಲ. ಆದರೆ ಪ್ರತಿ ಪಾರ್ಕಿಗೂ ಗಲಾಟೆ ಇಳಿಯುವ ಹೊತ್ತು ಅಂತ ಒಂದಿರುತ್ತದೆ, ಹಾರನ್ ಕೇಳಿಸದ ಮೂಲೆ ಅಂತ ಒಂದಿರುತ್ತದೆ. ಅದಕ್ಕೇ "ಯಾವ ಪಾರ್ಕ್ ಚೆನ್ನಾಗಿದೆ" ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು "ಎಷ್ಟು ಗಂಟೆಗೆ ಹೋಗ್ತೀರಾ" ಅಂತ.

ಭಾನುವಾರ ಬೆಳಿಗ್ಗೆ ಏಳಕ್ಕೆ ಲಾಲ್‌ಬಾಗಿಗೆ ಹೋಗಿ ನೋಡಿ. ಸಂತೆಗೆ ಬಂದ ಹಾಗಿರುತ್ತದೆ. ಒಂದು ಕಡೆ ನಗುವ ಕ್ಲಬ್ಬಿನವರು, ಇನ್ನೊಂದು ಕಡೆ ಯೋಗದವರು, ನಡುವೆ ಮೊಬೈಲಿನಲ್ಲಿ ಜೋರಾಗಿ ಸುಪ್ರಭಾತ ಹಾಕಿಕೊಂಡು ನಡೆಯುವವರು. ಅದೇ ಜಾಗಕ್ಕೆ ಮಂಗಳವಾರ ಹತ್ತೂವರೆಗೆ ಹೋಗಿ. ವಾಕಿಂಗಿನವರು ಮನೆ ಸೇರಿರುತ್ತಾರೆ, ಪ್ರವಾಸಿಗರು ಇನ್ನೂ ತಿಂಡಿ ತಿನ್ನುತ್ತಿರುತ್ತಾರೆ. ಕಡ್ಡಿ ಪೊರಕೆಯಲ್ಲಿ ಎಲೆ ಗುಡಿಸುವ ಸದ್ದು ಇಪ್ಪತ್ತು ಮಾರು ದೂರದಿಂದ ಕೇಳಿಸುತ್ತದೆ.

ವಾರದ ದಿನ, ಬೆಳಿಗ್ಗೆ ಹತ್ತರಿಂದ ಹನ್ನೆರಡು. ಈ ಪುಟದಿಂದ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ನನಗಿರೋದು ಅರ್ಧ ದಿನ. ಲಾಲ್‌ಬಾಗಾ, ಕಬ್ಬನ್ ಪಾರ್ಕಾ?

ಮರ ನೋಡಬೇಕು, ಕಾಲು ನೋಯುವಷ್ಟು ನಡೆಯಬೇಕು ಅಂದರೆ ಲಾಲ್‌ಬಾಗ್. ಹುಲ್ಲಿನ ಮೇಲೆ ಚಾಪೆ ಹಾಸಿ ಪುಸ್ತಕ ಓದಬೇಕು ಅಂದರೆ ಕಬ್ಬನ್ ಪಾರ್ಕ್. ಎರಡನ್ನೂ ಒಂದೇ ಬೆಳಿಗ್ಗೆ ಮುಗಿಸುತ್ತೇನೆ ಅಂತ ಹೊರಡಬೇಡಿ. ಮುಗಿಸಬಹುದು, ಆದರೆ ಎರಡರಲ್ಲೂ ಕೂತಿರುವುದಿಲ್ಲ.

ಎರಡಕ್ಕೂ ಮೆಟ್ರೋ ಇದೆ. ಹಸಿರು ಮಾರ್ಗದಲ್ಲಿ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದರೆ ವೆಸ್ಟ್ ಗೇಟ್ ಹತ್ತಿರ. ನೇರಳೆ ಮಾರ್ಗದಲ್ಲಿ ಕಬ್ಬನ್ ಪಾರ್ಕ್ ಹೆಸರಿನದೇ ನಿಲ್ದಾಣ ಇದೆ. ಕಾರು ತರಬೇಡಿ. ಪಾರ್ಕಿಂಗ್ ಹುಡುಕುವಷ್ಟರಲ್ಲಿ ಬಂದ ಉದ್ದೇಶವೇ ಮರೆತುಹೋಗುತ್ತದೆ.

ಲಾಲ್‌ಬಾಗ್ ಅಷ್ಟು ದೊಡ್ಡದು. ಒಳಗೆ ಎಲ್ಲಿ ಕೂರಬೇಕು?

240 ಎಕರೆ ಇದೆ. ಆದರೆ ಬಂದವರಲ್ಲಿ ಮುಕ್ಕಾಲು ಪಾಲು ಜನ ಮೇನ್ ಗೇಟು, ಹೂವಿನ ಗಡಿಯಾರ, ಗಾಜಿನ ಮನೆ, ಬಂಡೆ, ಇಷ್ಟರಲ್ಲೇ ಸುತ್ತಿ ಹೊರಟುಬಿಡುತ್ತಾರೆ. ಅವರ ಪಾಡಿಗೆ ಅವರನ್ನು ಬಿಟ್ಟು ನೀವು ಕೆರೆಯ ಕಡೆ ನಡೆಯಿರಿ.

ಆ ಕಡೆ ಒಂದು ಬಿಳಿ ಬೂರುಗದ ಮರ ಇದೆ. ಎರಡು ನೂರು ವರ್ಷ ದಾಟಿದ್ದು ಅಂತಾರೆ. ಅದರ ಬೇರು ನೆಲದೊಳಗೆ ಇಳಿಯುವ ಮೊದಲು ಗೋಡೆಯ ಹಾಗೆ ಎದ್ದು ನಿಂತಿದೆ. ಎರಡು ಬೇರಿನ ನಡುವೆ ಒಬ್ಬ ಆಳು ನಿಂತರೆ ಆಚೆಯವರಿಗೆ ಕಾಣಿಸುವುದಿಲ್ಲ. ಈಗ ಸುತ್ತ ಬೇಲಿ ಹಾಕಿದ್ದಾರೆ, ಒಳ್ಳೆಯದೇ ಆಯಿತು. ಇಲ್ಲದಿದ್ದರೆ ಜನ ಅದರ ಮೈಮೇಲೆಲ್ಲ ಹೆಸರು ಕೆತ್ತುತ್ತಿದ್ದರು. ಎದುರಿಗೆ ನಿಂತು ಬುಡದಿಂದ ತುದಿಯವರೆಗೆ ನಿಧಾನವಾಗಿ ಕತ್ತೆತ್ತಿ ನೋಡಿ. ಕತ್ತು ನೋಯುತ್ತದೆ, ಮರ ಮುಗಿಯುವುದಿಲ್ಲ. ಕಾಯಿ ಒಡೆಯುವ ಕಾಲದಲ್ಲಿ ಹೋದರೆ ಹತ್ತಿಯ ಎಳೆ ಗಾಳಿಯಲ್ಲಿ ತೇಲಿ ಬಂದು ಅಂಗಿಗೆ ಅಂಟಿಕೊಳ್ಳುತ್ತದೆ. ಮನೆಗೆ ಬಂದ ಮೇಲೂ ಎರಡು ಎಳೆ ಸಿಗುತ್ತವೆ.

ಅಲ್ಲಿಂದ ಮುಂದೆ ಕೆರೆ ಏರಿ. ಸಂಜೆ ಜನ ಜಾಸ್ತಿ, ಬೆಳಿಗ್ಗೆ ಹತ್ತರ ಮೇಲೆ ಕಡಿಮೆ. ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಲು ಕೂತಿರುತ್ತವೆ, ಬಟ್ಟೆ ಹರವಿದ ಹಾಗೆ.

ತೋಟ ಶುರುವಾದದ್ದು 1760ರಲ್ಲಿ, ಹೈದರಾಲಿ ಕಾಲದಲ್ಲಿ. ಆಗ ಇಷ್ಟು ದೊಡ್ಡದಿರಲಿಲ್ಲ. ಟಿಪ್ಪು ದೂರದ ದೇಶಗಳಿಂದ ಗಿಡ ತರಿಸಿದ. 1856ರಲ್ಲಿ ಸರ್ಕಾರಿ ಸಸ್ಯತೋಟ ಆಯಿತು. ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿಯಲ್ಲಿ. ಫ್ಲವರ್ ಶೋ ಇಲ್ಲದ ದಿನ ಅದು ಖಾಲಿ ಹೊಡೆಯುತ್ತಿರುತ್ತದೆ. ನನಗೆ ಇಷ್ಟ ಆಗುವುದೇ ಆಗ.

ಲಾಲ್‌ಬಾಗಿನ ಬಂಡೆ ಅಷ್ಟೊಂದು ಹಳೆಯದಾ? ಅಥವಾ ಸುಮ್ನೆ ಹೇಳ್ತಾರಾ?

ಸುಮ್ನೆ ಅಲ್ಲ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಬೋರ್ಡು ಹಾಕಿದ್ದಾರೆ. ಫೋಟೋ ತೆಗೆಸಿಕೊಳ್ಳುವವರು ಅದಕ್ಕೆ ಒರಗಿ ನಿಲ್ಲುತ್ತಾರೆ, ಓದುವವರು ಕಡಿಮೆ.

ಚಪ್ಪಲಿ ಬಿಟ್ಟು ಹತ್ತಿ ನೋಡಿ, ಬೆಳಿಗ್ಗೆ ಬೇಗ. ಕಲ್ಲು ಇನ್ನೂ ರಾತ್ರಿಯ ತಂಪಿನಲ್ಲಿರುತ್ತದೆ. ಕಪ್ಪು ಬಿಳಿ ಪಟ್ಟೆಗಳು ಹಿಟ್ಟು ಕಲಸುವಾಗ ಸುರುಳಿ ಸುತ್ತಿದ ಹಾಗೆ ತಿರುಚಿಕೊಂಡಿರುತ್ತವೆ. ಅಂದರೆ ಒಂದು ಕಾಲಕ್ಕೆ ಈ ಕಲ್ಲು ಬಿಸಿಗೆ ಮೆತ್ತಗಾಗಿ ಬಳುಕಿತ್ತು ಅಂತ ಅರ್ಥ. ಮಳೆಗಾಲದಲ್ಲಿ ಸಣ್ಣ ಸಣ್ಣ ಗುಂಡಿಗಳಲ್ಲಿ ನೀರು ನಿಂತಿರುತ್ತದೆ, ಮೈನಾಗಳು ಬಂದು ಮುಳುಗು ಹಾಕುತ್ತವೆ. ಹನ್ನೊಂದರ ಮೇಲೆ ಮಾತ್ರ ಹೋಗಬೇಡಿ, ದೋಸೆ ಹೆಂಚು ಅದು.

ಮೇಲಿರುವ ಪುಟ್ಟ ಗೋಪುರ ಕೆಂಪೇಗೌಡರ ಗೋಪುರ. ಊರಿನ ಗಡಿಗೆ ಅಂತ ಕಟ್ಟಿಸಿದ ನಾಲ್ಕರಲ್ಲಿ ಇದೂ ಒಂದು. ಊರು ಇದನ್ನು ದಾಟಿ ಬೆಳೆಯುವುದಿಲ್ಲ ಅಂದುಕೊಂಡಿದ್ದರಂತೆ. ಅಲ್ಲಿ ನಿಂತು ನಾಲ್ಕೂ ದಿಕ್ಕಿಗೆ ಒಮ್ಮೆ ಕಣ್ಣು ಹಾಯಿಸಿ, ಸ್ವಲ್ಪ ನಗು ಬರುತ್ತದೆ.

ಫ್ಲವರ್ ಶೋಗೆ ಹೋಗಬಹುದಾ?

ಹೋಗಿ. ಆದರೆ ಶಾಂತಿಗೆ ಅಂತ ಹೋಗಬೇಡಿ. ವರ್ಷಕ್ಕೆ ಎರಡು ಸಲ, ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ನಡೆಯುತ್ತದೆ.

ಒಂದು ವರ್ಷ ಆಗಸ್ಟಿನಲ್ಲಿ ಸೋದರಮಾವನನ್ನು ಕರೆದುಕೊಂಡು ಹೋಗಿದ್ದೆ. ಶಿವಮೊಗ್ಗ ಕಡೆಯವರು, ಮನೆ ಸುತ್ತ ತೋಟ ಇರುವವರು. ಗಾಜಿನ ಮನೆಯೊಳಗೆ ಜನರೇ ನಮ್ಮನ್ನು ತಳ್ಳಿಕೊಂಡು ಹೋಗಿ ಆ ಕಡೆಯ ಬಾಗಿಲಿನಿಂದ ಹೊರಗೆ ಹಾಕಿದರು. ಮಾವ ಬೆವರು ಒರೆಸಿಕೊಂಡು, "ಹೂವೆಲ್ಲಿತ್ತೋ? ನಂಗೆ ಬರೀ ತಲೆ ಕಾಣಿಸ್ತು" ಅಂದರು. ಹೋಗಲೇಬೇಕು ಅಂದರೆ ವಾರದ ದಿನ, ಬಾಗಿಲು ತೆರೆದ ತಕ್ಷಣ ಹೋಗಿ. 26 ಮತ್ತು 15ನೇ ತಾರೀಕು ಮಾತ್ರ ಬೇಡ.

ಟಿಕೆಟ್, ಸಮಯ?

ಲಾಲ್‌ಬಾಗ್ ಬೆಳಿಗ್ಗೆ 6ರಿಂದ ಸಂಜೆ 7. ಮುಂಜಾನೆ ವಾಕಿಂಗಿನವರಿಗೆ ಟಿಕೆಟ್ ಇಲ್ಲ, ಆಮೇಲೆ ಬರುವವರಿಗೆ ಇದೆ. ದರ ಆಗಾಗ ಬದಲಾಗುತ್ತದೆ, ಗೇಟಿನ ಬೋರ್ಡು ನೋಡಿಕೊಳ್ಳಿ. ಕಬ್ಬನ್ ಪಾರ್ಕಿಗೆ ಟಿಕೆಟ್ ಇಲ್ಲ.

ಕಬ್ಬನ್ ಪಾರ್ಕಿಗೆ ಯಾವ ದಿನ ಒಳ್ಳೆಯದು?

ಇಲ್ಲಿ ನನ್ನ ಮೇಲಿನ ಮಾತು ಸ್ವಲ್ಪ ತಿರುಗಿ ಬೀಳುತ್ತದೆ. ಕಬ್ಬನ್ ಪಾರ್ಕಿನ ನಡುವೆಯೇ ರಸ್ತೆಗಳಿವೆ. ವಾರದ ದಿನ ಅವುಗಳಲ್ಲಿ ಗಾಡಿ ಓಡಾಡುತ್ತವೆ. ಭಾನುವಾರ ಗಾಡಿಗಳಿಗೆ ಪ್ರವೇಶ ಇಲ್ಲ. ಆದ್ದರಿಂದ ಭಾನುವಾರ ಜನ ಜಾಸ್ತಿ, ಹಾರನ್ ಇಲ್ಲ. ವಾರದ ದಿನ ಜನ ಕಡಿಮೆ, ಹಾರನ್ ಇದೆ. ಯಾವುದನ್ನು ತಡೆದುಕೊಳ್ಳಲು ನಿಮಗೆ ಆಗುತ್ತದೆ ನೋಡಿಕೊಳ್ಳಿ. ನನ್ನ ಲೆಕ್ಕದಲ್ಲಿ ಮಕ್ಕಳು ಕೂಗಿಕೊಂಡು ಸೈಕಲ್ ಹೊಡೆಯುವ ಸದ್ದು ಸದ್ದೇ ಅಲ್ಲ.

ವಾರದ ದಿನ ಹೋದರೆ ರಸ್ತೆ ಬಿಟ್ಟು ಒಳಗೆ ನಡೆಯಿರಿ. ಬಿದಿರು ಮೆಳೆಗಳ ಕಡೆ ಹೋದರೆ ಗಾಳಿಗೆ ಬಿದಿರು ಒಂದಕ್ಕೊಂದು ಉಜ್ಜಿ ಹಳೇ ಬಾಗಿಲಿನ ಹಾಗೆ ಕಿರ್ ಅನ್ನುತ್ತದೆ. ಮೊದಲ ಸಲ ಕೇಳಿದವರು ಹಿಂದಕ್ಕೆ ತಿರುಗಿ ನೋಡುವುದು ಖಂಡಿತ. ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ ಕೂಡ ಪಾರ್ಕಿನೊಳಗೇ ಇದೆ. ಅದು ರಾಜ್ಯ ಕೇಂದ್ರ ಗ್ರಂಥಾಲಯ. ಮಳೆ ಬಂದಾಗ ಓಡಿ ಸೇರಿಕೊಳ್ಳಲು ಬೆಂಗಳೂರಿನಲ್ಲಿ ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಶನಿವಾರ ಬೆಳಿಗ್ಗೆ ಒಂದಷ್ಟು ಜನ ಮರದ ಕೆಳಗೆ ಚಾಪೆ ಹಾಸಿ ಮಾತಿಲ್ಲದೆ ಪುಸ್ತಕ ಓದುತ್ತಿರುವುದು ಕಾಣಿಸುತ್ತದೆ. ಯಾರು ಬೇಕಾದರೂ ಹೋಗಿ ಕೂರಬಹುದು. ಹೆಸರು ಕೇಳುವುದಿಲ್ಲ, ಪರಿಚಯ ಮಾಡಿಕೊಳ್ಳುವ ಶಾಸ್ತ್ರವೂ ಇಲ್ಲ. ಸಂಕೋಚದ ಸ್ವಭಾವದವರಿಗೆ ಹೇಳಿ ಮಾಡಿಸಿದ ಹಾಗಿದೆ.

ಅದು ಕಬ್ಬನ್ ಪಾರ್ಕಾ, ಚಾಮರಾಜೇಂದ್ರ ಉದ್ಯಾನವಾ?

ಎರಡೂ ಒಂದೇ. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ 1870ರಲ್ಲಿ ಮಾಡಿಸಿದಾಗ ಇದಕ್ಕೆ ಮೀಡ್ಸ್ ಪಾರ್ಕ್ ಅಂತ ಹೆಸರಿತ್ತು. ಆಮೇಲೆ ಕಮಿಷನರ್ ಮಾರ್ಕ್ ಕಬ್ಬನ್ ಹೆಸರು ಬಂತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ, 1927ರಲ್ಲಿ, ಶ್ರೀ ಚಾಮರಾಜೇಂದ್ರ ಪಾರ್ಕ್ ಅಂತಾಯಿತು. ಕಾಗದದಲ್ಲಿ ಅದೇ. ಆಟೋದವರಿಗೆ ಮಾತ್ರ ಕಬ್ಬನ್ ಪಾರ್ಕ್ ಅಂತಲೇ ಹೇಳಿ.

ಯಾವ ತಿಂಗಳಲ್ಲಿ ಬಂದರೆ ಹೂವು ಚೆನ್ನಾಗಿರುತ್ತೆ?

ಯಾವ ತಿಂಗಳಿಗೂ ಏನೋ ಒಂದು ಇರುತ್ತದೆ. ಅದು ಹಾಗೇ ಸುಮ್ನೆ ಆದದ್ದಲ್ಲ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ತೋಟಗಾರ ಗುಸ್ಟಾವ್ ಹರ್ಮನ್ ಕ್ರುಂಬಿಗಲ್ ಒಂದು ಯೋಚನೆ ಮಾಡಿದರು. ಒಂದು ಜಾತಿಯ ಮರ ಹೂವು ಉದುರಿಸುವಷ್ಟರಲ್ಲಿ ಇನ್ನೊಂದು ಜಾತಿ ಬಿಡಬೇಕು, ವರ್ಷಪೂರ್ತಿ ಊರಿನ ಯಾವುದಾದರೂ ಬೀದಿ ಬಣ್ಣದಲ್ಲಿರಬೇಕು ಅಂತ. ಅವರು ಇಲ್ಲೇ ಉಳಿದರು, 1956ರಲ್ಲಿ ಇಲ್ಲೇ ತೀರಿಕೊಂಡರು. ಅವರ ಆಮೇಲೆ ಬಂದ ಜವರಾಯ, ಮರಿಗೌಡ ಅವರು ಲಾಲ್‌ಬಾಗನ್ನು ಇನ್ನೂ ಬೆಳೆಸಿದರು.

ಲೆಕ್ಕ ಸುಮಾರು ಹೀಗೆ. ಫೆಬ್ರವರಿ, ಮಾರ್ಚಿನಲ್ಲಿ ಹಳದಿ ಟಬೆಬುಯಾ. ಒಂದೂ ಎಲೆ ಇಲ್ಲದೆ ಮರ ಪೂರ್ತಿ ಹಳದಿ, ನಾಲ್ಕೈದು ದಿನದಲ್ಲಿ ಎಲ್ಲ ನೆಲಕ್ಕೆ. ನೋಡಬೇಕು ಅಂದುಕೊಂಡರೆ ಅವತ್ತೇ ಹೋಗಬೇಕು, ಮುಂದಿನ ವಾರ ಅಂದರೆ ಇರುವುದಿಲ್ಲ. ಗುಲಾಬಿ ಟಬೆಬುಯಾ ಚಳಿಗಾಲದಲ್ಲೂ ಬಿಡುತ್ತದೆ, ಬೇಸಿಗೆ ಶುರುವಾಗುವಾಗಲೂ ಬಿಡುತ್ತದೆ. ಜಕರಂಡದ ನೇರಳೆ ಅದರ ಹಿಂದೆಯೇ. ಯುಗಾದಿ ಹೊತ್ತಿಗೆ ಹೊಂಗೆ ಎಳೆ ಚಿಗುರು, ಆ ತೆಳು ಹಸಿರನ್ನು ಹೂವಿಗಿಂತ ಒಂದು ಕೈ ಮೇಲೆ ಅನ್ನುವವನು ನಾನು. ಹೊಂಗೆ ನೆರಳಿನ ತಂಪಿನ ವಿಷಯ ನಮ್ಮವರಿಗೆ ಹೇಳಬೇಕಾಗಿಲ್ಲ. ಏಪ್ರಿಲ್, ಮೇ ಗುಲ್‌ಮೊಹರ್. ಮಳೆ ಮುಗಿಯುವಾಗ ಆಕಾಶಮಲ್ಲಿಗೆ. ಬೆಳಿಗ್ಗೆ ಬೇಗ ಹೋದರೆ ಉದ್ದ ತೊಟ್ಟಿನ ಬಿಳಿ ಹೂವು ದಾರಿ ತುಂಬ ಬಿದ್ದಿರುತ್ತವೆ. ಚಿಕ್ಕವರಿದ್ದಾಗ ಆ ತೊಟ್ಟನ್ನು ಜಡೆ ಹೆಣೆದ ಹಾಗೆ ಹೆಣೆಯುತ್ತಿದ್ದೆವು, ದಾರವೇ ಬೇಡ.

ದೊಡ್ಡ ಪಾರ್ಕ್ ಬೇಡ. ಚಿಕ್ಕದು, ಜನ ಕಡಿಮೆ ಇರೋದು ಹೇಳಿ.

ನನ್ನ ಕಡೆಯದು ಮೊದಲು. ಬಸವನಗುಡಿಯಲ್ಲಿ ದೊಡ್ಡ ಬಸವಣ್ಣನ ಗುಡಿ ಪಕ್ಕ ಬ್ಯೂಗಲ್ ರಾಕ್ ಇದೆ, ನಾವು ಕಹಳೆ ಬಂಡೆ ಅಂತಲೂ ಅನ್ನುತ್ತೇವೆ. ಹಿಂದೆ ಕಾವಲಿನವರು ಅಲ್ಲಿ ನಿಂತು ಕಹಳೆ ಊದುತ್ತಿದ್ದರಂತೆ. ಬಂಡೆ ಸಂದಿನಲ್ಲೇ ಬೆಂಚುಗಳಿವೆ, ಮೇಲೆ ಮರದ ಚಪ್ಪರ. ಮರಗಳಲ್ಲಿ ಬಾವಲಿಗಳು ಕಪ್ಪು ಬಟ್ಟೆ ನೇತುಹಾಕಿದ ಹಾಗೆ ಜೋತಾಡುತ್ತಿರುತ್ತವೆ. ಅವುಗಳ ಕೆಳಗಿನ ಬೆಂಚು ಯಾಕೆ ಖಾಲಿ ಇದೆ ಅಂತ ಯೋಚಿಸಿ ಕೂರಿ. ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆ ಹೊತ್ತಿಗೆ ಈ ಕಡೆ ಶಾಂತಿ ಹುಡುಕಬೇಡಿ, ಕಡಲೆಕಾಯಿ ತಿನ್ನಲು ಬನ್ನಿ. ಸ್ವಲ್ಪ ದೂರದಲ್ಲಿ ಕೃಷ್ಣರಾವ್ ಪಾರ್ಕ್ ಇದೆ, ಅಚ್ಚುಕಟ್ಟಾದ ಹಳೇ ಬಡಾವಣೆಯ ಪಾರ್ಕ್.

ಮಲ್ಲೇಶ್ವರದ ಕಡೆಯವರಿಗೆ ಸ್ಯಾಂಕಿ ಕೆರೆ. ಕಬ್ಬನ್ ಪಾರ್ಕ್ ಮಾಡಿಸಿದ ಅದೇ ಸ್ಯಾಂಕಿ 1882ರಲ್ಲಿ ಕಟ್ಟಿಸಿದ್ದು. ನೀರಿನ ಸುತ್ತ ನಡೆಯುವ ದಾರಿ ಇದೆ. ಮತ್ತೀಕೆರೆ ಹತ್ತಿರ ಜೆ.ಪಿ. ಪಾರ್ಕ್, ಸುಮಾರು 85 ಎಕರೆ. ಊರಿನ ಆ ಕಡೆಯವರು ಬಿಟ್ಟರೆ ಬೇರೆಯವರು ಹೋಗುವುದೇ ಕಡಿಮೆ.

ಒಂದು ಎಚ್ಚರಿಕೆ. ಬಡಾವಣೆಯ ಸಣ್ಣ ಪಾರ್ಕುಗಳಲ್ಲಿ ಎಷ್ಟಕ್ಕೋ 2024ರವರೆಗೂ ಮಧ್ಯಾಹ್ನ ಬೀಗ ಹಾಕುತ್ತಿದ್ದರು. ನಮ್ಮ ಬೀದಿಯದೂ ಹಾಗೇ ಇತ್ತು. ಬೇಸಿಗೆಯಲ್ಲಿ ನೆರಳು ಬೇಕಾಗುವ ಹೊತ್ತಿಗೆ ಸರಿಯಾಗಿ ಗೇಟ್ ಹಾಕುತ್ತಿದ್ದರು. ಕೊರಿಯರ್ ಹುಡುಗರು, ಮನೆಗೆಲಸದವರು ಹೊರಗೆ ಫುಟ್‌ಪಾತಿನಲ್ಲಿ ಕೂತು ಡಬ್ಬಿ ಬಿಚ್ಚುತ್ತಿದ್ದರು, ಒಳಗೆ ಹತ್ತು ಬೆಂಚು ಖಾಲಿ. ಯಾಕೆ ಅಂತ ಕೇಳಿದರೆ "ರೂಲ್ಸ್ ಸಾರ್" ಅಂದರು. ಈಗಲೂ ನೆನೆಸಿಕೊಂಡರೆ ಸಿಟ್ಟು ಬರುತ್ತದೆ. ಆದ್ದರಿಂದ ಹೋಗುವ ಮೊದಲು ಗೇಟಿನ ಸಮಯ ವಿಚಾರಿಸಿಕೊಳ್ಳಿ.

ತಿಂಡಿ ಕಟ್ಟಿಕೊಂಡು ಹೋಗಬಹುದಾ?

ದೊಡ್ಡ ಪಾರ್ಕುಗಳಲ್ಲಿ ಪಿಕ್ನಿಕ್ ಊಟಕ್ಕೆ ಬಿಡುವುದಿಲ್ಲ, ಪ್ಲಾಸ್ಟಿಕ್ ಕೂಡ ಬೇಡ. ತಿಂದುಕೊಂಡೇ ಹೋಗಿ. ಲಾಲ್‌ಬಾಗ್ ಮೇನ್ ಗೇಟಿನ ಹತ್ತಿರ 1924ರಲ್ಲಿ ಶುರುವಾದ ಎಂ.ಟಿ.ಆರ್. ಹೋಟೆಲ್ ಇದೆ. ವಾರಾಂತ್ಯದಲ್ಲಿ ಕಾಯಬೇಕಾಗುತ್ತದೆ. ಹಣ್ಣು ತರಕಾರಿ ಮಾರುವ ಹಾಪ್‌ಕಾಮ್ಸ್ ಮಳಿಗೆ ಕಂಡರೆ ದ್ರಾಕ್ಷಿ ಜ್ಯೂಸ್ ಕುಡಿಯಿರಿ. ಗೇಟಿನ ಆಚೆ ಗಾಡಿಯಲ್ಲಿ ಮಾವಿನಕಾಯಿ, ಸೌತೆಕಾಯಿ ಸೀಳಿ ಉಪ್ಪು ಖಾರ ಸವರಿ ಕೊಡುತ್ತಾರೆ. ಅದನ್ನು ತಿನ್ನದೆ ಮನೆಗೆ ಹೋದ ದಿನ ನನಗೆ ನೆನಪಿಲ್ಲ.

ಅಜ್ಜಿ, ತಾತನನ್ನು ಕರೆದುಕೊಂಡು ಬರ್ತಿದ್ದೀವಿ. ನಡೆಯೋಕೆ ಆಗುತ್ತಾ?

ಲಾಲ್‌ಬಾಗಿನಲ್ಲಿ ಬ್ಯಾಟರಿ ಗಾಡಿ ಇದೆ, ದುಡ್ಡು ಕೊಟ್ಟು ಒಂದು ಸುತ್ತು ಹಾಕಬಹುದು. ನಡೆಸುವುದಾದರೆ ವೆಸ್ಟ್ ಗೇಟಿನಿಂದ ಕರೆದುಕೊಂಡು ಬನ್ನಿ, ಕೆರೆ ಹತ್ತಿರ. ಮೇನ್ ಗೇಟಿನಿಂದ ಬಂದರೆ ಬಂಡೆ ಹತ್ತಿಸುವ ಆಸೆ ನಿಮಗೆ ಬರುತ್ತದೆ, ಮಂಡಿ ನೋವು ಅವರಿಗೆ ಬರುತ್ತದೆ. ಶೌಚಾಲಯ ಎಲ್ಲಿದೆ ಅಂತ ಒಳಗೆ ಹೋದ ತಕ್ಷಣ ಕೇಳಿಟ್ಟುಕೊಳ್ಳಿ, ಚಿಲ್ಲರೆ ಇಟ್ಟುಕೊಂಡಿರಿ.

ಮಕ್ಕಳಿದ್ದರೆ ಕಬ್ಬನ್ ಪಾರ್ಕಿನ ಬಾಲಭವನ. ಅಲ್ಲಿ ಪುಟಾಣಿ ರೈಲಿದೆ, ಶಾಂತಿ ಇಲ್ಲ.

ಹೆಣ್ಣುಮಕ್ಕಳು ಒಬ್ಬರೇ ಹೋಗಿ ಕೂರಬಹುದಾ?

ಇದನ್ನು ನಾನು ಹೇಳುವುದಕ್ಕಿಂತ ನನ್ನ ಅಕ್ಕ ಹೇಳಿದ್ದನ್ನೇ ಬರೆಯುತ್ತೇನೆ. ಎಷ್ಟೋ ವರ್ಷದಿಂದ ಒಬ್ಬಳೇ ಹೋಗುತ್ತಾಳೆ. "ಬೆಳಿಗ್ಗೆ ಏನೂ ಯೋಚನೆ ಇಲ್ಲ. ತೋಟದ ಕೆಲಸದವರು ಇರುವ ಕಡೆ ಕೂರ್ತೀನಿ. ಪೂರ್ತಿ ಖಾಲಿ ಮೂಲೆ ನಿನಗೆ ಚೆನ್ನ, ನನಗಲ್ಲ. ಕತ್ತಲಾಗೋ ಮುಂಚೆ ಎದ್ದುಬಿಡ್ತೀನಿ." ಒಂದು ಪುಸ್ತಕ ಕೈಯಲ್ಲಿದ್ದರೆ ಮಾತಾಡಿಸಲು ಬರುವವರು ಕಡಿಮೆ ಅಂತಲೂ ಅನ್ನುತ್ತಾಳೆ. ಪುಟ ತಿರುಗಿಸದಿದ್ದರೂ ಪರವಾಗಿಲ್ಲವಂತೆ.

ಫೋಟೋ ತೆಗೆಯಬಹುದಾ? ನಾಯಿ ತರಬಹುದಾ?

ಮೊಬೈಲಿನಲ್ಲಿ ಎಷ್ಟು ಬೇಕಾದರೂ. ಮದುವೆ ಮುಂಚಿನ ಶೂಟಿಂಗು, ದೊಡ್ಡ ಕ್ಯಾಮೆರಾ, ಲೈಟು ಅಂದರೆ ಅನುಮತಿ ಬೇಕು. ನಾಯಿಗೆ ಲಾಲ್‌ಬಾಗ್ ಇಲ್ಲ. ಕಬ್ಬನ್ ಪಾರ್ಕಿಗೆ ಹಗ್ಗ ಕಟ್ಟಿ ಕರೆದುಕೊಂಡು ಹೋಗಬಹುದು.

ಹಕ್ಕಿ ನೋಡಬೇಕು. ಒಬ್ಬನೇ ಹೋದರೆ ಏನೂ ಗೊತ್ತಾಗಲ್ಲ.

ಲಾಲ್‌ಬಾಗಿನ ಗಾಜಿನ ಮನೆ ಹತ್ತಿರ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಹಕ್ಕಿ ನೋಡುವವರು ಸೇರುವ ರೂಢಿ ಎಷ್ಟೋ ದಶಕದಿಂದ ಇದೆ. ಗೊತ್ತಿಲ್ಲದವರಿಗೆ ಬೇಸರವಿಲ್ಲದೆ ಹೇಳಿಕೊಡುತ್ತಾರೆ. ಒಬ್ಬರೇ ಹೋದರೆ ಮೊದಲು ಕಿವಿಯಿಂದ ಶುರು ಮಾಡಿ. ಕುಟ್ರು ಅಂತ ಬಿಡದೆ ಒಂದೇ ಸಮ ಕೂಗುವುದು ಕುಟ್ರು ಹಕ್ಕಿ. ಹಸಿರು ಎಲೆಯಲ್ಲಿ ಹಸಿರು ಹಕ್ಕಿ, ಕಾಣಿಸಲು ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷ ನೀವು ಬೇರೇನೂ ಯೋಚಿಸಿರುವುದಿಲ್ಲ.

ಮಳೆ ಬಂದರೆ?

ಏಪ್ರಿಲ್, ಮೇ ಸಂಜೆ ಗಾಳಿಮಳೆ ಬಂದರೆ ಹಳೇ ಮರದ ಕೆಳಗೆ ನಿಲ್ಲಬೇಡಿ. ಕೊಂಬೆ ಮುರಿದು ಬೀಳುತ್ತವೆ, ಕೆಲವೊಮ್ಮೆ ಮರವೇ ಬುಡಮೇಲಾಗುತ್ತದೆ. ಮೋಡ ಕಪ್ಪಾದ ತಕ್ಷಣ ಗೇಟಿನ ಕಡೆ ಹೊರಡಿ. ಜುಲೈಯ ಸೋನೆ ಮಳೆ ಬೇರೆ. ಕೊಡೆ ಹಿಡಿದು ಹೋಗಿ, ತೋಟ ಪೂರ್ತಿ ನಿಮ್ಮದೇ.

ನಿಮ್ಮ ಇಷ್ಟದ ಬೆಂಚು ಯಾವುದು?

ಕಲ್ಲಿನ ಬೆಂಚು, ಕೆರೆ ಕಡೆ ಇದೆ. ಅದಕ್ಕಿಂತ ಜಾಸ್ತಿ ಹೇಳುವುದಿಲ್ಲ. ಅಲ್ಲಿ ಈಗಾಗಲೇ ಇಬ್ಬರಿದ್ದೇವೆ. ಇನ್ನೊಬ್ಬರು ಎಪ್ಪತ್ತು ದಾಟಿದವರು, ಮಂಕಿ ಟೋಪಿ, ಕೈಯಲ್ಲಿ ಪೇಪರ್. ಇಷ್ಟು ವರ್ಷವಾದರೂ ಅವರ ಹೆಸರು ನಾನು ಕೇಳಿಲ್ಲ, ನನ್ನದನ್ನು ಅವರೂ ಕೇಳಿಲ್ಲ. ನಾನು ಹೋಗುವ ಹೊತ್ತಿಗೆ ಮುಖಪುಟ ಓದಿ ಮುಗಿಸಿರುತ್ತಾರೆ. ಸ್ವಲ್ಪ ಆ ಕಡೆ ಸರಿದು, ನಡುವಿನ ಹಾಳೆ ಎಳೆದು ನನ್ನ ಕಡೆ ಚಾಚುತ್ತಾರೆ. ಪದಬಂಧ ಇರುವ ಹಾಳೆ ಮಾತ್ರ ಕೊಡುವುದಿಲ್ಲ.